ಕಾಪಿ ಪ್ರೊಟೆಕ್ಷನ್ ಇರುವ ಫ್ಲಾಪಿ ಡ್ರೈವ್ ಕೆಡಿಸುತ್ತಾ?

ಬೆಳಗಾವಿಯ ಉದ್ಯಮಬಾಗದ ಕೆಲವು ವರ್ಕ್‌ಶಾಪ್‌ಗಳಲ್ಲಿ ಡಾಸ್ ಕಾಲದ ಪಿಸಿ ಇನ್ನೂ ದುಡಿಯುತ್ತಿದೆ. ಅದರೊಳಗಿನ ಪ್ರೋಗ್ರಾಮ್ ಶುರುವಾಗಬೇಕಾದರೆ ಡ್ರೈವ್‌ನಲ್ಲಿ ಕೀ ಫ್ಲಾಪಿ, ಅಂದರೆ ನಕಲು ಮಾಡಲಾಗದಂತೆ ಬೀಗ (ಕಾಪಿ ಪ್ರೊಟೆಕ್ಷನ್) ಹಾಕಿದ ಅಸಲಿ ಫ್ಲಾಪಿ, ಇರಲೇಬೇಕು. ಅಂಥ ಮಷೀನ್ ಇಟ್ಟುಕೊಂಡವರು ನನ್ನನ್ನು ಕೇಳುವುದು ಇದನ್ನೇ: “ಸರ್, ಈ ಫ್ಲಾಪಿ ಹಾಕಿದ್ರ ಡ್ರೈವ್ ಕಟಕಟ ಅಂತೈತ್ರಿ, ಕೆಟ್ಟ್ ಹೋಗ್ತೈತೇನ್ರಿ?”

ಹೆದರಿಕೆ ಸುಮ್ನೆ ಅಲ್ಲ. ಸೋನಿ ಕಂಪನಿ 2011ರಲ್ಲೇ ಜಪಾನಿನಲ್ಲಿ ಫ್ಲಾಪಿ ಮಾರುವುದನ್ನು ನಿಲ್ಲಿಸಿತು. ಡ್ರೈವ್ ಕೂಡ ಹಳೆ ಸಾಮಾನಿನಲ್ಲಿ ಹುಡುಕಿಯೇ ತರಬೇಕು. ಆದರೂ ನನ್ನ ಉತ್ತರ ಹೀಗೆ: ಪಿಸಿಯ ಡ್ರೈವ್ ಆದರೆ ಕೆಡುವುದಿಲ್ಲ. ಕಮೋಡೋರ್ 64 ಎಂಬ ಹಳೆಯ ಹೋಮ್ ಕಂಪ್ಯೂಟರಿಗೆ ಜೋಡಿಸುತ್ತಿದ್ದ 1541 ಡ್ರೈವ್ ಆದರೆ, ಹೌದು, ಆ ದೂರಿನಲ್ಲಿ ಹುರುಳಿತ್ತು.

ಡ್ರೈವ್‌ನೊಳಗೆ ಓದುವ ಹೆಡ್ ಒಂದು ಸ್ಟೆಪರ್ ಮೋಟಾರಿನಿಂದ ಹಿಂದೆ ಮುಂದೆ ಸರಿಯುತ್ತದೆ. ಮೋಟಾರಿಗೆ ಒಂದು ಪಲ್ಸ್ ಕೊಟ್ಟರೆ ಅದು ಒಂದು ಹೆಜ್ಜೆ ಇಡುತ್ತದೆ, ಅಷ್ಟೇ. ತಾನು ಈಗ ಎಲ್ಲಿದ್ದೇನೆ ಅನ್ನುವುದು ಅದಕ್ಕೆ ಗೊತ್ತಿರುವುದಿಲ್ಲ. ಹಾಗಾಗಿ ಗೊಂದಲ ಆದಾಗೆಲ್ಲ ಹೆಡ್ಡನ್ನು ಸೊನ್ನೆಯ ಟ್ರ್ಯಾಕಿಗೆ (ಡಿಸ್ಕಿನ ಮೇಲೆ ಡೇಟಾ ಇರುವ ಉಂಗುರಗಳಲ್ಲಿ ಮೊದಲನೆಯದಕ್ಕೆ) ತಂದು ಅಲ್ಲಿಂದ ಮತ್ತೆ ಎಣಿಕೆ ಶುರು ಮಾಡಬೇಕು. ಪಿಸಿ ಡ್ರೈವ್‌ನಲ್ಲಿ ಇದಕ್ಕೊಂದು ಸೆನ್ಸರ್ ಇದೆ. ಹೆಡ್ ಸೊನ್ನೆಗೆ ಬಂದ ಕೂಡಲೇ ಅದು ಸಿಗ್ನಲ್ ಕೊಡುತ್ತದೆ, ಡ್ರೈವ್ ನಡೆಸುವ ಚಿಪ್ ಆದ ಕಂಟ್ರೋಲರ್ ಪಲ್ಸ್ ನಿಲ್ಲಿಸುತ್ತದೆ.

1982ರಲ್ಲಿ ಬಂದ 1541ರಲ್ಲಿ ಆ ಸೆನ್ಸರ್ ಇರಲಿಲ್ಲ. ಅದಕ್ಕೂ ಮೊದಲು, 1978ರಲ್ಲಿ ಬಂದ ಆಪಲ್‌ನ ಡಿಸ್ಕ್ II ಡ್ರೈವ್‌ನಲ್ಲೂ ಇರಲಿಲ್ಲ. ಇವುಗಳಲ್ಲಿ ಸೊನ್ನೆ ಹುಡುಕುವ ದಾರಿ ಒಂದೇ: ಹೆಡ್ಡನ್ನು ಹಿಂದಕ್ಕೆ ಓಡಿಸಿ ತಡೆಗೆ ಬಡಿಸುವುದು, ಒಂದಲ್ಲ, ಸಾಲಾಗಿ ಹತ್ತಾರು ಸಲ. ಓದುವಾಗ ಎರರ್ ಬಂತೋ, 1541 ಈ ಬಡಿತ ಶುರು ಮಾಡುತ್ತಿತ್ತು. ಈಗ ಕಾಪಿ ಪ್ರೊಟೆಕ್ಷನ್ ಮಾಡಿದವರ ಉಪಾಯ ನೋಡಿ. ಫ್ಲಾಪಿಯಲ್ಲಿ ಬೇಕಂತಲೇ ಒಂದು ಕೆಟ್ಟ ಸೆಕ್ಟರ್ (ಟ್ರ್ಯಾಕಿನ ಒಂದು ತುಂಡು) ಇಡುವುದು. ಮಾಮೂಲಿಯಾಗಿ ಕಾಪಿ ಮಾಡಿದರೆ ಆ ಎರರ್ ನಕಲಿಗೆ ಬರುವುದಿಲ್ಲ. ಪ್ರೋಗ್ರಾಮ್ ಮೊದಲು ಹೋಗಿ ಅಲ್ಲಿ ಓದಲು ನೋಡುತ್ತದೆ. ಎರರ್ ಬಂದರೆ ಅಸಲಿ, ಸರಿಯಾಗಿ ಓದಿದರೆ ನಕಲಿ. ಅಂದರೆ ದುಡ್ಡು ಕೊಟ್ಟು ತಂದವನ ಡ್ರೈವೇ ಪ್ರತಿ ಸಲ ಬಡಿಸಿಕೊಳ್ಳಬೇಕು!

1541ರ ಒಳಗೇ ಪವರ್ ಸಪ್ಲೈ ಕೂಡ ಇತ್ತು, ಚೆನ್ನಾಗಿ ಬಿಸಿಯಾಗುತ್ತಿತ್ತು. ಮೋಟಾರಿನ ಶಾಫ್ಟಿಗೆ ಒತ್ತಿ ಕೂರಿಸಿದ ಪುಲ್ಲಿ ಬಿಸಿಗೂ ಬಡಿತಕ್ಕೂ ಕೂದಲೆಳೆಯಷ್ಟು ಜಾರಿದರೂ ಹೆಡ್ ಟ್ರ್ಯಾಕಿನ ನಡುವೆ ನಿಲ್ಲುವುದಿಲ್ಲ. ಅಲೈನ್‌ಮೆಂಟ್ ಹೋಯಿತು ಅಂತ ಮೆಕ್ಯಾನಿಕ್‌ಗಳು ಹೇಳುವುದು ಇದನ್ನೇ. ತಾನೇ ಬರೆದ ಫ್ಲಾಪಿಯನ್ನು ಡ್ರೈವ್ ಓದುತ್ತದೆ, ಅಂಗಡಿಯಿಂದ ತಂದದ್ದನ್ನು ಓದುವುದಿಲ್ಲ. ತಪ್ಪು ಪ್ರೊಟೆಕ್ಷನ್‌ನದ್ದು ಮಾತ್ರ ಅನ್ನುವುದಕ್ಕಾಗುವುದಿಲ್ಲ, ಡ್ರೈವ್ ಮಾಡಿದವರೂ ಸೆನ್ಸರ್ ಬಿಟ್ಟು ಕಾಸು ಉಳಿಸಿದ್ದರು. ಆಮೇಲಾಮೇಲೆ ಬಂದ ಗೇಮ್‌ಗಳಲ್ಲಿ ಚೆಕ್ ಮಾಡುವ ಮೊದಲು ಬಡಿತವನ್ನು ಆಫ್ ಮಾಡುವ ಕಮಾಂಡ್ ಸೇರಿಸಿದರು.

ಪಿಸಿಯ ಕತೆ ಬೇರೆ. ಹೆಡ್ಡನ್ನು ಸೊನ್ನೆಗೆ ತರುವ ಕಮಾಂಡ್ ಕೊಟ್ಟರೆ ಎನ್‌ಇಸಿ 765 ಕಂಟ್ರೋಲರ್ ಹೆಚ್ಚೆಂದರೆ 77 ಪಲ್ಸ್ ಕಳಿಸುತ್ತದೆ, ಅಷ್ಟರಲ್ಲಿ ಸೆನ್ಸರ್ ಸಿಗ್ನಲ್ ಬಂದರೆ ನಡುವೆಯೇ ನಿಲ್ಲಿಸುತ್ತದೆ. ಹಾಗಾದರೆ ಕೇಳುವ ಕಟಕಟ ಏನು? ಓದಲಾಗದ ಸೆಕ್ಟರ್ ಸಿಕ್ಕಾಗ ಹೆಡ್ ಸೊನ್ನೆಗೆ ಹೋಗಿ ವಾಪಸ್ ಬಂದು ಮತ್ತೆ ಪ್ರಯತ್ನಿಸುವ ಸದ್ದು. ಇನ್ನು ಕೆಲವು ಪ್ರೋಗ್ರಾಮ್‌ಗಳು 40 ಟ್ರ್ಯಾಕ್‌ನ ಡ್ರೈವ್‌ನಲ್ಲಿ 41ಕ್ಕೆ, 42ಕ್ಕೆ ಹೋಗಿ ಅಲ್ಲಿ ಗುಟ್ಟಿನ ಗುರುತು ನೋಡುತ್ತಿದ್ದವು. ಡ್ರೈವ್ ಅಷ್ಟು ದೂರ ಹೋಗಲಾಗದಿದ್ದರೆ ಹೆಡ್ ತಡೆಗೆ ತಾಗಿ ನಿಲ್ಲುತ್ತದೆ, ಮೋಟಾರು ಗುರ್ ಅನ್ನುತ್ತದೆ. ಸ್ಟೆಪರ್ ಮೋಟಾರ್ ಹಾಗೆ ಸಿಕ್ಕಿಕೊಂಡರೆ ಮಿಕ್ಸರ್ ಮೋಟಾರಿನಂತೆ ಸುಟ್ಟುಹೋಗುವುದಿಲ್ಲ, ಹೆಜ್ಜೆ ತಪ್ಪುತ್ತದೆ ಅಷ್ಟೇ.

ನಂಬಿಕೆ ಬರದಿದ್ದರೆ ಪೋಲೆಂಡಿನ ಫ್ಲಾಪಟ್ರಾನ್ ನೋಡಿ. 2022ರಲ್ಲಿ ತೋರಿಸಿದ ಮಾದರಿಯಲ್ಲಿ 512 ಫ್ಲಾಪಿ ಡ್ರೈವ್‌ಗಳಿವೆ. ಹೆಡ್ ಸರಿಯುವ ಸದ್ದಿನಿಂದಲೇ ಅದು ಹಾಡು ನುಡಿಸುತ್ತದೆ. ಹೆಡ್ ಓಡಾಡಿದ ಮಾತ್ರಕ್ಕೆ ಡ್ರೈವ್ ಸಾಯುವುದಾಗಿದ್ದರೆ ಅಲ್ಲಿ ಕಛೇರಿ ನಡೆಯುತ್ತಲೇ ಇರಲಿಲ್ಲ.

ಹಾಗಾದರೆ ಈ ಸುದ್ದಿ ಹಬ್ಬಿದ್ದು ಎಲ್ಲಿಂದ? ನನಗೆ ಅನುಮಾನ ಇರುವುದು ಅಮೆರಿಕದ ವಾಲ್ಟ್ ಕಂಪನಿಯ ಮೇಲೆ. ಅದರ ಪ್ರೊಲಾಕ್ ಫ್ಲಾಪಿಯ ಮೇಲೆ ಒಂದು ಗಾಯದ ಗುರುತು ಇರುತ್ತಿತ್ತು. ಪ್ರೋಗ್ರಾಮ್ ಆ ಜಾಗದಲ್ಲಿ ಬರೆಯಲು ನೋಡುತ್ತದೆ, ಬರೆದದ್ದು ಉಳಿದರೆ ಅದು ನಕಲು. ಡಿಬೇಸ್ III ಎಂಬ ಡೇಟಾಬೇಸ್ ಪ್ರೋಗ್ರಾಮ್ ಬಂದದ್ದು ಇದೇ ಬೀಗದ ಜತೆ. 1984ರಲ್ಲಿ ವಾಲ್ಟ್ ಇನ್ನೂ ಮುಂದೆ ಹೋಗಿ, ಕದ್ದು ಕಾಪಿ ಮಾಡಿದವರ ಡೇಟಾ ಹಾಳು ಮಾಡುವ ಪ್ರೊಲಾಕ್ ಪ್ಲಸ್ ತರುತ್ತೇವೆ ಅಂದಿತು, ಗ್ರಾಹಕರಿಂದ ಉಗಿಸಿಕೊಂಡಿತು. ಅದರ ಗುರಿಯೂ ಡೇಟಾ, ಡ್ರೈವ್ ಅಲ್ಲ. ಆದರೆ ಬಾಯಿಂದ ಬಾಯಿಗೆ ಬರುವಾಗ ಇಂಥ ವ್ಯತ್ಯಾಸ ಉಳಿಯಲ್ಲ ಅಲ್ವಾ? ಎರಡು ವರ್ಷದ ನಂತರ ಲಾಹೋರಿನಿಂದ ಬ್ರೇನ್ ವೈರಸ್ ಬಂತು. ಬರೆದ ಅಣ್ಣತಮ್ಮಂದಿರು ನಮ್ಮ ಸಾಫ್ಟ್‌ವೇರ್ ಕಳ್ಳತನ ತಡೆಯಲು ಮಾಡಿದ್ದು ಅಂದರು. ಅದೂ ಫ್ಲಾಪಿಯ ಬೂಟ್ ಸೆಕ್ಟರಿಗೆ (ಪಿಸಿ ಶುರುವಾಗುವಾಗ ಮೊದಲು ಓದುವ ಜಾಗಕ್ಕೆ) ಅಂಟುತ್ತಿತ್ತು, ಡ್ರೈವ್‌ನ ಕಬ್ಬಿಣಕ್ಕಲ್ಲ.

ನಮ್ಮ ಕಡೆ ಡ್ರೈವ್ ಕೊಲ್ಲುವುದು ಧೂಳು. ಫೌಂಡ್ರಿ ಪಕ್ಕದ ಕಪ್ಪು ಪುಡಿ, ವಿಜಯಪುರದ ಬೇಸಿಗೆಯ ಎರೆಮಣ್ಣಿನ ಧೂಳು. ಬೆಳಗಾವಿಯ ಮಳೆಗಾಲದಲ್ಲಿ ಫ್ಲಾಪಿಗೆ ಬೂಷ್ಟು ಹಿಡಿಯುತ್ತದೆ. ಫ್ಲಾಪಿ ಡ್ರೈವ್‌ನಲ್ಲಿ ಹೆಡ್ ಡಿಸ್ಕಿಗೆ ತಾಗಿಕೊಂಡೇ ಓದುತ್ತದೆ. ಬೂಷ್ಟು ಹಿಡಿದ ಒಂದು ಫ್ಲಾಪಿ ಹಾಕಿದರೆ ಆ ಕೊಳೆ ಹೆಡ್ಡಿಗೆ, ಹೆಡ್ಡಿನಿಂದ ಮುಂದಿನ ಫ್ಲಾಪಿಗೆ. ಆಗಲೂ ಓದಲಾಗದೆ ಡ್ರೈವ್ ಕಟಕಟ ಅನ್ನುತ್ತದೆ, ಜನ ಬೈಯುವುದು ಮಾತ್ರ ಪ್ರೊಟೆಕ್ಷನ್‌ಗೆ!

ಎರಡರ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. ಪ್ರೊಟೆಕ್ಷನ್ ಸದ್ದು ಪ್ರತಿ ಸಲ ಅದೇ ಜಾಗದಲ್ಲಿ, ಅಷ್ಟೇ ಹೊತ್ತು ಬರುತ್ತದೆ, ಆಮೇಲೆ ಪ್ರೋಗ್ರಾಮ್ ತೆರೆಯುತ್ತದೆ. ಕೊಳೆಯ ಸದ್ದು ದಿನ ಹೋದಂತೆ ಜಾಸ್ತಿಯಾಗುತ್ತದೆ, ಬೇರೆ ಫ್ಲಾಪಿ ಹಾಕಿದರೂ ಬರುತ್ತದೆ. ಎರಡನೆಯದು ಕೇಳಿದರೆ ಕೀ ಫ್ಲಾಪಿ ಕೂಡಲೇ ತೆಗೆದಿಡಿ. ದಿನಾ ಅದೇ ಟ್ರ್ಯಾಕ್ ಉಜ್ಜಿಸಿಕೊಂಡು ಸವೆಯುವುದು ಅದೇ. ಡ್ರೈವ್ ಹೋದರೆ ಇನ್ನೊಂದು ಹುಡುಕಬಹುದು, ಕೀ ಫ್ಲಾಪಿ ಹೋದರೆ ಪ್ರೋಗ್ರಾಮೇ ಹೋಯಿತು.

ಯುಎಸ್‌ಬಿ ಫ್ಲಾಪಿ ಡ್ರೈವ್ ತಂದು ಕೀ ಫ್ಲಾಪಿಯನ್ನು ಕಾಪಿ ಮಾಡಲು ಹೋಗಬೇಡಿ. ಆ ಡ್ರೈವ್ ಮಾಮೂಲಿ ಸೆಕ್ಟರ್ ಬಿಟ್ಟು ಬೇರೇನೂ ನೋಡುವುದಿಲ್ಲ. ಗ್ರೀಸ್‌ವೀಸಲ್ ಎಂಬ ಸಣ್ಣ ಬೋರ್ಡ್‌ಗೆ ಹಳೆ ಡ್ರೈವ್ ಜೋಡಿಸಿದರೆ ಡಿಸ್ಕಿನ ಮೇಲಿನ ಅಯಸ್ಕಾಂತದ ಗುರುತುಗಳನ್ನೇ ಇದ್ದಂತೆ ತೆಗೆದಿಡಬಹುದು. ಕೆಟ್ಟ ಸೆಕ್ಟರ್, ಹೆಚ್ಚಿನ ಟ್ರ್ಯಾಕ್ ಇಂಥ ಬೀಗಗಳಿಗೆ ಇದು ಸಾಕು. ಪ್ರೊಲಾಕ್‌ನಂಥ ಗಾಯದ ಗುರುತು ಮಾತ್ರ ಹೊಸ ಫ್ಲಾಪಿಗೆ ಬರುವುದಿಲ್ಲ.

ಡ್ರೈವ್‌ನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಹತ್ತಿಕಡ್ಡಿಯಿಂದ ಮೆತ್ತಗೆ ಒರೆಸಿ, ಮೇಲಿನ ಹೆಡ್ಡನ್ನು ಜೋರಾಗಿ ಎತ್ತಬೇಡಿ. ಹೆಡ್ ಸರಿಯುವ ರಾಡಿನ ಮೇಲೆ ಗ್ರೀಸ್ ಗಟ್ಟಿಯಾಗಿದ್ದರೆ ತೆಗೆದು ಹೊಸದನ್ನು ತೆಳ್ಳಗೆ ಹಚ್ಚಿ. ಕೊಬ್ಬರಿ ಎಣ್ಣೆ ಮಾತ್ರ ಬೇಡ್ರಿ, ಚಳಿಗೆ ಅದೇ ಗಟ್ಟಿಯಾಗಿ ಹೆಡ್ಡನ್ನು ಹಿಡಿದು ನಿಲ್ಲಿಸುತ್ತದೆ.