ಮೂರಡಿ ಟ್ಯಾಂಕಿನಲ್ಲಿ ಕೊಯ್ ಸಾಕಬಹುದೇ?

ಪ್ರಶ್ನೆ: ಬೆಂಗಳೂರಿನ ನಮ್ಮ ಮನೆಯ ಮೂರಡಿ ಅಕ್ವೇರಿಯಂನಲ್ಲಿ ಆರು ಕೊಯ್ ಮರಿಗಳಿವೆ. ‘ಟ್ಯಾಂಕ್ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತೆ’ ಎಂದು ಅಂಗಡಿಯವರು ಹೇಳಿದ್ದರು. ಈಗ ಬೇಸಿಗೆಯಲ್ಲಿ ಬೆಳಗಾಗುವ ಹೊತ್ತಿಗೆ ಎಲ್ಲವೂ ಮೇಲೆ ಬಂದು ಬಾಯಿ ಬಡಿಯುತ್ತವೆ. ಇದು ತಣ್ಣೀರಿನ ಮೀನಲ್ಲವೇ, ಚಿಲ್ಲರ್ ಹಾಕಿಸಬೇಕೇ?

ಉತ್ತರ: ಚಿಲ್ಲರ್ ಬೇಡ. ಆ ಟ್ಯಾಂಕೂ ಬೇಡ.

ಕೊಯ್ ಅಂದರೆ ಬಣ್ಣದ ಗೆಂಡೆ. ಜಪಾನಿನ ನೀಗಾಟದ ಗುಡ್ಡಗಾಡಿನಲ್ಲಿ, ಚಳಿಗಾಲಕ್ಕೆ ಆಳೆತ್ತರ ಹಿಮ ಬೀಳುವ ಊರುಗಳಲ್ಲಿ, ರೈತರು ಊಟಕ್ಕೆ ಸಾಕುತ್ತಿದ್ದ ಗೆಂಡೆಗಳಿಂದ ಆರಿಸಿ ಬೆಳೆಸಿದ ತಳಿ. ತಣ್ಣೀರಿನ ಮೀನು ಎಂಬ ಹೆಸರು ಬಂದದ್ದು ಹಾಗೆ. ಆದರೆ 15ರಿಂದ 25 ಡಿಗ್ರಿಯಲ್ಲಿ ಅದು ಆರಾಮವಾಗಿರುತ್ತದೆ, 30ನ್ನೂ ತಡೆದುಕೊಳ್ಳುತ್ತದೆ. ಬೆಂಗಳೂರಿನ ಹವೆ ಅದಕ್ಕೆ ಕಷ್ಟವೇನಲ್ಲ.

ನಿಮ್ಮ ಮೀನುಗಳಿಗೆ ಆಗುತ್ತಿರುವುದು ಉಸಿರಿನ ತೊಂದರೆ. 15 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 10 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವುದರಿಂದ ಇನ್ನೂ ಹತ್ತರಲ್ಲೊಂದು ಪಾಲು ಕಡಿಮೆ. ನೀರು ಬಿಸಿಯಾದಷ್ಟೂ ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಹೆಚ್ಚುತ್ತದೆ. ರಾತ್ರಿಯಿಡೀ ಮೀನು, ಪಾಚಿ, ಫಿಲ್ಟರಿನ ಬ್ಯಾಕ್ಟೀರಿಯಾ ಎಲ್ಲ ಸೇರಿ ಇದ್ದಷ್ಟನ್ನೂ ಎಳೆದುಕೊಂಡಿರುತ್ತವೆ. ಅದಕ್ಕೇ ಬೆಳಗಿನ ಜಾವ ಬಾಯಿ ಮೇಲೆ ಬರುವುದು. ಇವತ್ತೇ ಒಂದು ಏರ್ ಪಂಪ್ ಹೆಚ್ಚಿಗೆ ಹಾಕಿ, ಬ್ಯಾಟರಿಯದ್ದಾದರೆ ಕರೆಂಟ್ ಹೋದಾಗಲೂ ಆಗುತ್ತದೆ. ಸಂಜೆಯ ಕಾಳು ನಿಲ್ಲಿಸಿ. ಮೂರನೇ ಒಂದು ಪಾಲು ನೀರು ಬದಲಿಸಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯದೆ ಸುರಿಯಬೇಡಿ. ಬೋರ್‌ವೆಲ್ ನೀರಾದರೆ ಒಂದು ರಾತ್ರಿ ಗಾಳಿ ಹಾಯಿಸಿ, ನೆಲದಡಿಯಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ. ಫಿಲ್ಟರ್ ಸ್ಪಂಜಿನ ಕಂದು ಲೋಳೆಯನ್ನು ಕೊಳೆ ಎಂದು ನಲ್ಲಿ ಕೆಳಗಿಟ್ಟು ಬಿಳಿ ಆಗುವ ತನಕ ಹಿಂಡುವವರಿದ್ದಾರೆ. ಮೀನಿನ ಹೊಲಸಿನಿಂದ ಬರುವ ವಿಷ, ಅಂದರೆ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಇರುವುದೇ ಆ ಲೋಳೆಯಲ್ಲಿ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಎರಡು ಸಲ ಅದ್ದಿ ಹಿಂಡಿದರೆ ಸಾಕು.

ಅಂಗಡಿಯವರ ಮಾತಿಗೆ ಬರೋಣ. ಚಿಕ್ಕ ಟ್ಯಾಂಕಿನಲ್ಲಿ ಮೀನು ಬೆಳೆಯದಿರುವುದು ನಿಜ. ಅದು ಹೊಂದಾಣಿಕೆಯಲ್ಲ, ಕೊಳೆತ ನೀರಿನಲ್ಲಿ ಕುಂಠಿತವಾಗುವುದು. ಕೊಯ್ ಎರಡಡಿ ಬೆಳೆಯುವ, ಇಪ್ಪತ್ತೈದು ವರ್ಷ ಬದುಕಬಲ್ಲ ಪ್ರಾಣಿ. ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಹಿಡಿಯುವುದು ಸುಮಾರು 125 ಲೀಟರ್. ಎರಡಡಿ ಮೀನು ಒಂದಡಿ ಅಗಲದಲ್ಲಿ ತಿರುಗುವುದಾದರೂ ಹೇಗೆ? ಬೆಳೆದ ಒಂದೊಂದು ಕೊಯ್‌ಗೂ ಸಾವಿರ ಲೀಟರ್ ಎಂಬುದು ಸಾಕುವವರ ವಾಡಿಕೆಯ ಲೆಕ್ಕ.

ಅಂಗಳವಿದ್ದರೆ ಹತ್ತಡಿ ಉದ್ದ, ಆರಡಿ ಅಗಲ, ನಾಲ್ಕಡಿ ಆಳದ ಕೊಳ ಕಟ್ಟಿಸಿ. 6,800 ಲೀಟರ್ ಆಗುತ್ತದೆ, ನಿಮ್ಮ ಆರಕ್ಕೆ ಸರಿಹೋಗುತ್ತದೆ. ಆಳದಲ್ಲಿ ಜಿಪುಣತನ ಬೇಡ: ಬಿಸಿಲಿಗೆ ಬೇಗ ಕಾಯುವುದಿಲ್ಲ, ಕೊಕ್ಕರೆಗೂ ಸುಲಭವಾಗಿ ಸಿಗುವುದಿಲ್ಲ. ಆದರೂ ಮೇಲೊಂದು ಬಲೆ ಇರಲಿ. ತಾರಸಿಯ ಮೇಲೆ ಮಾತ್ರ ಕಟ್ಟಬೇಡಿ. ಮನೆಯ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕಿಲೋ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಬರೀ ಒಂದಡಿ ನೀರೇ 300 ಕಿಲೋ.

ಜಾಗವಿಲ್ಲವೆಂದರೆ ಕೊಳ ಇರುವವರಿಗೆ ಮೀನು ಕೊಟ್ಟುಬಿಡಿ. ದಯವಿಟ್ಟು ಕೆರೆಗೆ ಬಿಡಬೇಡಿ. ಗೆಂಡೆ ತಳದ ಕೆಸರು ಕೆದಕಿ ನೀರು ರಾಡಿ ಮಾಡುತ್ತದೆ, ಜಲಸಸ್ಯಗಳನ್ನು ಕೀಳುತ್ತದೆ, ಜೊತೆಗೆ ನಿಮ್ಮ ಟ್ಯಾಂಕಿನ ರೋಗಗಳನ್ನೂ ಒಯ್ಯುತ್ತದೆ. ಖಾಲಿಯಾದ ಟ್ಯಾಂಕಿಗೆ ಗೋಲ್ಡ್‌ಫಿಶ್ ತರುವ ಯೋಚನೆ ಬಂದರೆ, ಅದೂ ಗೆಂಡೆಯ ನೆಂಟನೇ. ಉದ್ದನೆಯ ಸಾದಾ ಜಾತಿ ಒಂದಡಿಯವರೆಗೂ ಬೆಳೆಯಬಲ್ಲದು. ಗುಂಡು ಮೈಯದ್ದು ಎರಡೇ ಎರಡು ಸಾಕು.