‘ವಾಸ್ ಹ್ಯಾಪನ್ಡ್’ ಯಾಕೆ ತಪ್ಪು?

‘ಆಕ್ಸಿಡೆಂಟ್ ವಾಸ್ ಹ್ಯಾಪನ್ಡ್’ ಅಂತ ನಾನು ವರ್ಷಗಟ್ಟಲೆ ಬರೆದಿದ್ದೇನೆ. ತಿದ್ದಿದವರೆಲ್ಲ ‘ವಾಸ್’ ಹೊಡೆದು ಹಾಕಿದರು, ಯಾಕೆ ಅಂತ ಒಬ್ಬರೂ ಹೇಳಲಿಲ್ಲ.

ಇದು ನನ್ನೊಬ್ಬನ ದಡ್ಡತನ ಅಲ್ಲ. ಜಪಾನೀಸ್, ಚೈನೀಸ್ ಮಾತಾಡುವವರೂ ಇಂಗ್ಲಿಷ್ ಕಲಿಯುವಾಗ ಇಲ್ಲೇ ಎಡವುತ್ತಾರೆ. ‘ಹುಡುಗ ಓಡಿದ’ ಅಂದಾಗ ಹುಡುಗ ಏನೋ ಮಾಡುತ್ತಿದ್ದಾನೆ. ‘ಅಪಘಾತ ಆಯಿತು’ ಅಂದಾಗ ಅಪಘಾತ ಏನನ್ನೂ ಮಾಡಲಿಲ್ಲ, ಸುಮ್ನೆ ಆಯಿತು. ಎರಡೂ ಅಕರ್ಮಕ (ಅಂದರೆ ‘ಏನನ್ನು?’ ಅಂತ ಕೇಳಿದರೆ ಉತ್ತರ ಸಿಗದ) ಕ್ರಿಯಾಪದಗಳೇ, ಆದರೆ ಒಳಗಿನ ಜಾತಿ ಬೇರೆ ಅಂತ ಭಾಷಾವಿಜ್ಞಾನಿ ಡೇವಿಡ್ ಪರ್ಲ್‌ಮಟರ್ 1978ರಲ್ಲಿ ವಾದಿಸಿದರು. ಮಾಡಿದವರು ಯಾರೂ ಕಣ್ಣಿಗೆ ಬೀಳದಿದ್ದಾಗ, ಕಲಿಯುವವರ ತಲೆ ‘ಇದು ಕರ್ಮಣಿ (‘ಕಳ್ಳ ಹಿಡಿಯಲ್ಪಟ್ಟ’ ಅನ್ನುವಂಥ ಪ್ಯಾಸಿವ್) ಇರಬೇಕು’ ಅಂದುಕೊಂಡು ಒಂದು ‘ವಾಸ್’ ಸಿಕ್ಕಿಸಿಬಿಡುತ್ತದೆ, ಒಂಥರಾ ಜಾಣ ತಪ್ಪು ಅದು. ಆದರೆ ಹ್ಯಾಪನ್‌ಗೆ ಕರ್ಮಣಿ ರೂಪವೇ ಇಲ್ಲ. ಹೋಲ್ಡ್‌ಗೆ ಇದೆ, ಯಾಕಂದ್ರೆ ಅಲ್ಲಿ ನಡೆಸುವವರು ಯಾರೋ ಇದ್ದಾರೆ. ಅದಕ್ಕೇ ‘ಮೀಟಿಂಗ್ ವಾಸ್ ಹೆಲ್ಡ್’ ಸರಿ.

ಇನ್ನು ಹ್ಯಾಪನ್ನೋ, ಟೇಕ್ ಪ್ಲೇಸೋ? ಇಲ್ಲಿ ಕನ್ನಡದ ಕಿವಿಯೇ ಸಾಕು. ಸಭೆ ‘ನಡೆಯಿತು’ ಅನ್ನುತ್ತೇವೆ, ಭೂಕಂಪ ‘ಆಯಿತು’ ಅನ್ನುತ್ತೇವೆ, ಅಲ್ವಾ? ದಿನ ಗೊತ್ತು ಮಾಡಿ ನಡೆಸುವುದಕ್ಕೆ ಹೆಚ್ಚಾಗಿ ಟೇಕ್ ಪ್ಲೇಸ್, ತಾನಾಗಿ ಆಗುವುದಕ್ಕೆ ಹ್ಯಾಪನ್. (ಕೊಲೆಯನ್ನು ಯಾರೂ ಹೇಳಿ ಮಾಡುವುದಿಲ್ಲ, ಆದರೂ ಅದು ಎರಡೂ ಭಾಷೆಯಲ್ಲಿ ‘ನಡೆಯುತ್ತದೆ’. ಮಾಡಿದವನು ಒಬ್ಬ ಇದ್ದಾನಲ್ಲ!) ಹ್ಯಾಪನ್ ಒಳಗಿರುವ ‘ಹ್ಯಾಪ್’ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು, ಅದೃಷ್ಟ ಅಂತ ಅರ್ಥ. ಹ್ಯಾಪಿ, ಪರ್‌ಹ್ಯಾಪ್ಸ್ ಎರಡೂ ಅದರ ನೆಂಟರೇ. ‘ಆಗು’ ಅನ್ನುವುದಕ್ಕೆ ಇನ್ನೊಂದು ಪದ ‘ಅಕರ್’ (occur), ಅರ್ಥದಲ್ಲಿ ಹ್ಯಾಪನ್ ಹತ್ತಿರವೇ ಇದ್ದರೂ ಅದಕ್ಕೆ ಗತ್ತು ಜಾಸ್ತಿ. ವರದಿಗೆ ಚೆಂದ, ಗೆಳೆಯನಿಗೆ ‘ವಾಟ್ ಅಕರ್ಡ್?’ ಅಂದರೆ ಪೊಲೀಸರು ವಿಚಾರಿಸಿದ ಹಾಗಿರುತ್ತದೆ.

ಯುದ್ಧ, ಬೆಂಕಿ, ಸಾಂಕ್ರಾಮಿಕ ರೋಗ ಥಟ್ಟನೆ ಶುರುವಾದರೆ ಬ್ರೇಕ್ ಔಟ್.

ನನಗೆ ಇವೆಲ್ಲಕ್ಕಿಂತ ಮಜಾ ಅನಿಸಿದ್ದು ಸೆಟ್ ಇನ್. ನಿಘಂಟು ನೋಡಿದರೆ ‘ಶುರುವಾಗಿ ನೆಲೆಯೂರು’, ಅಷ್ಟೇ. ಆದರೆ ಜಾನ್ ಸಿಂಕ್ಲೇರ್ ಅನ್ನುವ ಭಾಷಾವಿಜ್ಞಾನಿ ಕಂಪ್ಯೂಟರಿಗೆ ತುಂಬಿಸಿದ ರಾಶಿ ರಾಶಿ ಇಂಗ್ಲಿಷ್ ಬರಹಗಳಲ್ಲಿ ಹುಡುಕಿದಾಗ, ಅದರ ಜೊತೆ ಸಿಕ್ಕಿದ್ದು ಹೆಚ್ಚಾಗಿ ಕೊಳೆತ, ಸೋಂಕು, ಹತಾಶೆ ಇಂಥವೇ. ಹಾಗಾಗಿ ‘ಹ್ಯಾಪಿನೆಸ್ ಸೆಟ್ ಇನ್’ ಅಂತ ಬರೆದರೆ ವ್ಯಾಕರಣದಲ್ಲಿ ಏನೂ ತಪ್ಪಿಲ್ಲ, ಓದಿದವರಿಗೆ ಮಾತ್ರ ಖುಷಿ ಅನ್ನೋದು ಯಾವುದೋ ಕಾಯಿಲೆ ಥರ ಕೇಳಿಸುತ್ತದೆ.