ಮೂತ್ರ ಧಾರಾಳವಾಗಿ ಹೋಗುತ್ತಿದ್ದರೂ ಕ್ರಿಯಾಟಿನಿನ್ ಏರಿದ್ದೇಕೆ?

ಪ್ರಶ್ನೆ: ಮೂತ್ರದ ಸೋಂಕಿಗೆಂದು ನಮ್ಮ ತಾಯಿಗೆ ಏಳು ದಿನ ಅಮಿಕಾಸಿನ್ ಇಂಜೆಕ್ಷನ್ ಕೊಟ್ಟರು. ಜ್ವರ ಬಿಟ್ಟಿತು. ಆದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಶ್ಮಲವಾದ ಕ್ರಿಯಾಟಿನಿನ್ 0.9 ಇದ್ದದ್ದು ಈಗ 1.8 ಆಗಿದೆ. ಮೂತ್ರವೇನೋ ಚೆನ್ನಾಗಿಯೇ ಹೋಗುತ್ತಿದೆ. ಆ್ಯಂಟಿಬಯೋಟಿಕ್ ಕಿಡ್ನಿಯನ್ನು ಹಾಳುಮಾಡುತ್ತದೆಯೇ?

ಉತ್ತರ: ಎಲ್ಲವೂ ಅಲ್ಲ. ಆದರೆ ಅಮಿಕಾಸಿನ್ ಮತ್ತು ಅದರ ಬಳಗದ ಜೆಂಟಾಮೈಸಿನ್ ಮೇಲೆ ಈ ಅನುಮಾನ ಹಳೆಯದು. ಈ ಔಷಧಗಳು ದೇಹದಲ್ಲಿ ರೂಪ ಬದಲಿಸದೆ ಮೂತ್ರಪಿಂಡದ ಮೂಲಕವೇ ಹೊರಹೋಗುತ್ತವೆ. ಹೋಗುವಾಗ ಒಂದಿಷ್ಟನ್ನು ಅಲ್ಲಿನ ಸೂಕ್ಷ್ಮನಾಳಗಳ ಜೀವಕೋಶಗಳು ಹೀರಿ ಕೂಡಿಟ್ಟುಕೊಳ್ಳುತ್ತವೆ. ದಿನದಿನವೂ ಸೇರಿದ್ದು ಸಾಮಾನ್ಯವಾಗಿ ಐದು ದಿನ, ವಾರದ ಹೊತ್ತಿಗೆ ಆ ಕೋಶಗಳಿಗೇ ಮುಳುವಾಗುತ್ತದೆ. ಎರಡನೆಯ ದಿನದ ರಕ್ತಪರೀಕ್ಷೆ ಸರಿಯಿತ್ತೆಂದು ಸುಮ್ಮನಾಗುವಂತಿಲ್ಲ.

ಇನ್ನು ಮೂತ್ರದ ವಿಷಯ. ಸೋಸಿದ ನೀರಿನಲ್ಲಿ ಬಹುಪಾಲನ್ನು ಮರಳಿ ರಕ್ತಕ್ಕೆ ಸೇರಿಸುವುದು ಈ ನಾಳಗಳ ಕೆಲಸ. ಪೆಟ್ಟು ತಿಂದ ನಾಳಕ್ಕೆ ನೀರನ್ನು ಹಿಡಿದಿಡಲಾಗದು. ಕಶ್ಮಲ ರಕ್ತದಲ್ಲೇ ಉಳಿಯುತ್ತದೆ, ತೆಳ್ಳನೆಯ ಮೂತ್ರ ಮಾತ್ರ ಹೋಗುತ್ತಲೇ ಇರುತ್ತದೆ. ಹೀಗಾಗಿ ಇಲ್ಲಿ ಮೂತ್ರದ ಪ್ರಮಾಣ ನಂಬಬಹುದಾದ ಸಾಕ್ಷಿಯಲ್ಲ.

ಔಷಧ ಹೀರುವ ಕೋಶಗಳ ಹೊಟ್ಟೆಗೂ ಒಂದು ಮಿತಿಯಿದೆ. ಒಮ್ಮೆಲೇ ಬಂದದ್ದರಲ್ಲಿ ಹೆಚ್ಚಿನದು ಹಾಗೆಯೇ ದಾಟಿಹೋಗುತ್ತದೆ. ಅದೇ ಪ್ರಮಾಣವನ್ನು ಎರಡು ಮೂರು ಪಾಲು ಮಾಡಿ ಕೊಟ್ಟರೆ ಹೆಚ್ಚು ಸಂಗ್ರಹವಾಗುತ್ತದೆ. ಬಹುತೇಕ ರೋಗಿಗಳಿಗೆ ದಿನಕ್ಕೊಂದೇ ಇಂಜೆಕ್ಷನ್ ಕೊಡುವುದರ ಹಿಂದೆ ಈ ಲೆಕ್ಕವೂ ಇದೆ.

ಅಮಾಕ್ಸಿಸಿಲಿನ್, ಸಿಪ್ರೊಫ್ಲಾಕ್ಸಾಸಿನ್, ರಿಫಾಂಪಿಸಿನ್‌ನಂಥ ಇತರ ಆ್ಯಂಟಿಬಯೋಟಿಕ್‌ಗಳು ಮಾಡುವ ಹಾನಿಯ ಬಗೆ ಬೇರೆ. ಅದು ಅಲರ್ಜಿಯಂಥ ಉರಿಯೂತ, ಅಪರೂಪ; ಔಷಧದ ಪ್ರಮಾಣಕ್ಕೂ ಅದಕ್ಕೂ ಹೆಚ್ಚಿನ ನಂಟಿಲ್ಲ.

ಆದರೂ ಅಮಿಕಾಸಿನ್ ಒಂದನ್ನೇ ದೂರುವ ಮುನ್ನ ಔಷಧದ ಚೀಟಿಯನ್ನು ಪೂರ್ತಿ ಓದಿ. ಮೈಕೈ ನೋವಿಗೆ ಡೈಕ್ಲೋಫೆನಾಕ್ ಇತ್ತೇ? ಜ್ವರದಲ್ಲಿ ತಾಯಿ ನೀರು ಸರಿಯಾಗಿ ಕುಡಿಯುತ್ತಿದ್ದರೇ? ತೀವ್ರ ಸೋಂಕು ತಾನಾಗಿಯೇ ಮೂತ್ರಪಿಂಡವನ್ನು ಕಾಡಬಲ್ಲದು. ನನ್ನನ್ನು ಕೇಳಿದರೆ, ಇಂಥ ಪ್ರಕರಣಗಳಲ್ಲಿ ಆರೋಪಿ ಒಬ್ಬನೇ ಇರುವುದು ಕಡಿಮೆ.

ಔಷಧ ನಿಂತ ಮೇಲೆ ಬಹಳಷ್ಟು ಜನರಲ್ಲಿ ಕೆಲವು ವಾರಗಳಲ್ಲಿ ನಾಳದ ಕೋಶಗಳು ಮತ್ತೆ ಬೆಳೆಯುತ್ತವೆ, ಕ್ರಿಯಾಟಿನಿನ್ ಇಳಿಯುತ್ತದೆ. ಅದು ಇಳಿಯುತ್ತಿದೆಯೇ ಎಂಬುದನ್ನು ವೈದ್ಯರ ಸಲಹೆಯಂತೆ ಮತ್ತೆ ಮತ್ತೆ ಪರೀಕ್ಷಿಸಿ ನೋಡಬೇಕು. ಜೊತೆಗೆ, ಕಿವಿಯಲ್ಲಿ ಗುಂಯ್‌ಗುಡುತ್ತಿದೆಯೇ, ನಡೆಯುವಾಗ ತೂರಾಡುವಂತಾಗುತ್ತಿದೆಯೇ ಎಂದು ತಾಯಿಯನ್ನು ಇಂದೇ ಕೇಳಿ. ಈ ಬಳಗದ ಔಷಧ ಒಳಗಿವಿಗೂ ತಾಕುತ್ತದೆ. ಅಲ್ಲಿನ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ.